ಮಾತು ಎತ್ತಿಕೊಡುವವಳು

ಮಾರ್ಚ್ ೩, ಸೋಮವಾರ

ದೊರೆಗಳು ಮನೆಗೆ ಬಂದರು. ಆಂಬುಲೆನ್ಸಿನವರಿಬ್ಬರು ಗಾಲಿಕುರ್ಚಿ ಸಮೇತ ಇವರನ್ನು ಎರಡನೇ ಮಹಡಿಗೆ ಹೊತ್ತು ತರುವಾಗ, ಮೆಟ್ಟಿಲ ಬಳಿ ನಿಂತಿದ್ದ ನೆರೆಯವರಿಗೆಲ್ಲ ಬಲಗೈ ಎತ್ತಿ ಅಭಯ ಕೊಟ್ಟರು. ಬಿದ್ದು ಸೊಂಟದ ಕೀಲು ಮುರಿದುಕೊಂಡು, ಅದರ ಜಾಗದಲ್ಲಿ ಲೋಹದ್ದನ್ನು ಹಾಕಿಸಿಕೊಂಡು ಬಂದ ಮನುಷ್ಯನ ಗತ್ತು ಇದು. ಆಯುಷ್ಯವೆಲ್ಲ ರಾಜನ ಪಾತ್ರ ಮಾಡಿದವರಿಗೆ ಗಾಲಿಕುರ್ಚಿಯೂ ಸಿಂಹಾಸನವೇ. ನಾಟಕ ಕಂಪನಿಯಲ್ಲಿ ಎಲ್ಲರೂ ನನ್ನ ಗಂಡನನ್ನು ದೊರೆ ಎಂದೇ ಕರೆಯುತ್ತಿದ್ದರು. ನಾನು ಡೈರಿಯಲ್ಲಿ ಮಾತ್ರ ಹಾಗೆ ಕರೆಯುತ್ತೇನೆ. ಎದುರಿಗೆ ಕರೆದರೆ ಆಮೇಲೆ ಹಿಡಿಯುವವರು ಯಾರು?

ಆಪರೇಷನ್ ಪೂರ್ತಿ ಸರ್ಕಾರದ ಹಿರಿಯರ ಆರೋಗ್ಯ ವಿಮೆಯಲ್ಲಿ ಆಯಿತು. ಕಾರ್ಡು ತೋರಿಸಿದೆ, ಸಹಿ ಹಾಕಿದೆ, ಮುಗಿಯಿತು. ಈ ವಿಮೆಯ ತಲೆಬುಡ ಅರ್ಥವಾಗುವುದಿಲ್ಲ ಎಂದು ಜನ ಯಾಕೆ ಗೋಳಾಡುತ್ತಾರೋ ಕಾಣೆ. ಆಸ್ಪತ್ರೆಯವರು ಕೊಟ್ಟ ಕೈಪಿಡಿಯನ್ನು ಮಧ್ಯಾಹ್ನ ಕೂತು ಮೊದಲಿಂದ ಕೊನೆಯವರೆಗೆ ಓದಿದೆ. ನಾನು ಕಂಪನಿಯ ಪ್ರಾಂಪ್ಟರ್ ಆಗಿದ್ದವಳು. ಪಕ್ಕದ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು, ಇಡೀ ನಾಟಕವನ್ನು ಮಡಿಲಲ್ಲಿಟ್ಟುಕೊಂಡು, ಯಾರಿಗೆ ಮಾತು ತಪ್ಪಿದರೂ ಎತ್ತಿಕೊಟ್ಟವಳು. ನನಗೆ ಈ ಕೈಪಿಡಿ ಯಾವ ಮಹಾ!

ಸಾರಾಂಶ ಇಷ್ಟು. ಆಸ್ಪತ್ರೆಯ ಒಳಗಿರುವಷ್ಟು ದಿನ ಎಲ್ಲ ಅವರ ಹೊಣೆ. ಬಾಗಿಲು ದಾಟಿದ ಮೇಲೆ ಎಲ್ಲ ನಮ್ಮ ಹೊಣೆ. ಆದರೆ ಒಂದು ದಾರಿ ಬಿಟ್ಟಿದ್ದಾರೆ. ವಿಮೆಯವರು ಕಳಿಸುವ ನರ್ಸ್ ಮನೆಗೆ ಬಂದು ಪರಿಶೀಲನೆ ಮಾಡುತ್ತಾರೆ. ರೋಗಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳಲು ಆಗುವುದಿಲ್ಲ, ಅಥವಾ ಸದಾ ಒಬ್ಬರ ಕಣ್ಣು ಅವರ ಮೇಲಿರಬೇಕು ಎಂದು ಅವರು ಬರೆದರೆ, ದಿನವೂ ಮನೆಗೆ ಒಬ್ಬ ಸಹಾಯಕನನ್ನು ಕಳಿಸುತ್ತಾರೆ. ನಮಗೆ ಬೇಕಿರುವುದು ಅದೇ. ಇವರನ್ನು ನಾನೊಬ್ಬಳೇ ಎತ್ತಲೇಬಾರದು ಎಂದು ಡಾಕ್ಟರು ಬೆರಳು ತೋರಿಸಿ ಹೇಳಿದ್ದಾರೆ. ಮಗಳಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಅವಳು ಬರುವುದೇ ಮಧ್ಯಾಹ್ನ.

"ಸಹಾಯಕ ಸಿಗಲಿಲ್ಲ ಅಂದ್ರೆ ಅಪ್ಪನನ್ನ ಆರೈಕೆ ಕೇಂದ್ರಕ್ಕೆ ಸೇರಿಸೋದೇ ಅಮ್ಮ. ನಾನು ಆಗಲೇ ವಿಚಾರಿಸಿದೀನಿ. ಊರಾಚೆ ಇದೆ, ಚೆನ್ನಾಗಿದೆ," ಎಂದಳು ಮಗಳು.

"ಸಿಗುತ್ತೆ. ನನಗೆ ಬಿಡು," ಎಂದೆ.

ಮಾರ್ಚ್ ೬, ಗುರುವಾರ

ಬೆಳಿಗ್ಗೆ ಇವರನ್ನು ಬಚ್ಚಲಿಗೆ ಕರೆದೊಯ್ಯುವಾಗ ನನ್ನ ಮಣಿಕಟ್ಟು ಚಳಕ್ ಎಂದಿತು. ಬಿಸಿನೀರಲ್ಲಿಟ್ಟೆ, ಸರಿಹೋಯಿತು. ಮಧ್ಯಾಹ್ನ ಮಗಳು ಬ್ರೆಡ್ ತಂದಾಗ ಇವರು ಅವಳನ್ನು "ಬಾ ಮಂತ್ರಿ, ರಾಜ್ಯದ ಸುದ್ದಿ ಏನು?" ಎಂದು ಕರೆದರು. ಅವಳು ನಗಲಿಲ್ಲ. ಈಗಿನವರಿಗೆ ತಮಾಷೆ ಅರ್ಥವಾಗುವುದಿಲ್ಲ. ಅದೂ ಅಲ್ಲದೆ ಇವರಿಗೆ ನೋವಿನ ಮಾತ್ರೆಯ ಮಂಪರು ಬೇರೆ.

ಮಾರ್ಚ್ ೧೧, ಮಂಗಳವಾರ

ಗೆದ್ದೆವು! ಇಂಥ ಪ್ರದರ್ಶನ ಕಂಪನಿ ಬಿಟ್ಟ ಮೇಲೆ ಇದೇ ಮೊದಲು.

ನರ್ಸ್ ಬರುವ ಹೊತ್ತಿಗೆ ಇವರಿಗೆ ಗಡ್ಡ ತೆಗೆದು, ಬಿಳಿ ಶರ್ಟು ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ್ದೆ. ಒಳ್ಳೆಯ ಹೆಣ್ಣುಮಗಳು, ಮೆತ್ತಗೆ ಮಾತಾಡುತ್ತಾಳೆ. ಇವರ ಎದುರಿಗೆ ಕೂತಳು. ನಾನು ಟೀ ಹಿಡಿದು ಅವಳ ಬೆನ್ನ ಹಿಂದೆ ನಿಂತೆ.

"ಸಾರ್, ಇವತ್ತು ಯಾವ ವಾರ?"

ಇವರು ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ನಾನು ತುಟಿ ಮಾತ್ರ ಆಡಿಸಿದೆ. ಮೊದಲ ಅಕ್ಷರ ಕೊಟ್ಟರೆ ಸಾಕು, ಮಿಕ್ಕಿದ್ದನ್ನು ಇವರೇ ಹಿಡಿಯುತ್ತಾರೆ. ನಮ್ಮಿಬ್ಬರ ಪದ್ಧತಿಯೇ ಅದು.

"ಮಂಗಳವಾರ!" ಎಂದು ಗುಡುಗಿದರು. ಗೋಡೆಯಾಚೆಯ ನೆರೆಯವರಿಗೂ ವಾರ ತಿಳಿದಿರಬೇಕು.

ಆಮೇಲೆ ಆಕೆ ಬಾಗಿಲು, ಚಮಚ, ನದಿ ಎಂದು ಮೂರು ಪದ ಹೇಳಿ, ಬೇರೆ ಏನೇನೋ ಕೇಳಿ, ತಿರುಗಿ ಆ ಮೂರನ್ನು ಹೇಳಿ ಎಂದಳು. ನಾನು ಬಾಗಿಲ ಕಡೆ ಕತ್ತು ತಿರುಗಿಸಿದೆ, ಕೈಯಲ್ಲಿದ್ದ ಚಮಚ ಎತ್ತಿದೆ, ಅಂಗೈಯನ್ನು ಅಲೆಅಲೆಯಾಗಿ ಆಡಿಸಿದೆ. ಇವರು ಒಂದೇ ಉಸಿರಿಗೆ ಮೂರನ್ನೂ ಒಪ್ಪಿಸಿದರು. ಕೊನೆಗೆ ಎದ್ದು ನಿಲ್ಲೋಕೆ ಆಗುತ್ತಾ ಎಂದು ಕೇಳಿದಳು. ಕೇಳಿದ್ದೇ ತಡ, ವಾಕರ್ ಹಿಡಿದು ತಾವಾಗಿಯೇ ಎದ್ದು, ಕಿಟಕಿಯವರೆಗೆ ನಡೆದು, ತಿರುಗಿ, ತಲೆಬಾಗಿ ವಂದಿಸಿದರು. ನರ್ಸ್ ಚಪ್ಪಾಳೆ ತಟ್ಟಿಬಿಟ್ಟಳು.

ಆಕೆ ಮೆಟ್ಟಿಲಿಳಿದ ಮೇಲೆ ಇವರ ಮುಖ ಬಿಳಿಚಿಕೊಂಡಿತು, ಕಾಲು ನಡುಗಿತು. ಹೇಗೋ ಎಳೆದು ಮಂಚಕ್ಕೆ ಹಾಕಿದೆ. ನನ್ನ ಸೊಂಟವೂ ಹೋಯಿತು. ಹೋಗಲಿ ಬಿಡು. ಇಷ್ಟು ಚೆನ್ನಾಗಿ ಸಹಕರಿಸಿದವರಿಗೆ ಸಹಾಯಕನನ್ನು ಕೊಡದೆ ಇನ್ಯಾರಿಗೆ ಕೊಡುತ್ತಾರೆ?

ಮಾರ್ಚ್ ೧೮, ಮಂಗಳವಾರ

ಕೊಡಲಿಲ್ಲ. "ಸಹಾಯಕನ ಅಗತ್ಯ ಕಂಡುಬಂದಿಲ್ಲ" ಎಂದು ಉತ್ತರ ಬಂದಿದೆ.

ಮಗಳು ಬಂದ ಕೂಡಲೇ ಇವರನ್ನು ಅವಳಿಗೆ ಒಪ್ಪಿಸಿ ವಿಮೆ ಕಚೇರಿಗೆ ಹೋದೆ. ಉದ್ದನೆಯ ಹಾಲು, ಸಾಲಾಗಿ ಗಾಜಿನ ಕಿಟಕಿಗಳು, ಕೂತರೆ ಕಿರುಗುಟ್ಟುವ ಕುರ್ಚಿಗಳು. ನನ್ನ ಸರದಿ ಬಂದಾಗ ಗುಮಾಸ್ತನಿಗೆ ಚೆನ್ನಾಗಿ ಗ್ರಹಚಾರ ಬಿಡಿಸಿದೆ. ಸೊಂಟ ಮುರಿದವರಿಗೆ ಅಗತ್ಯ ಇಲ್ಲ ಅಂತೀರಲ್ಲ, ನಿಮ್ಮ ನರ್ಸಿಗೆ ಕಣ್ಣು ಕಾಣಲ್ವಾ ಎಂದೆ. ಅವನು ಕೋಪಿಸಿಕೊಳ್ಳದೆ ಕಂಪ್ಯೂಟರ್ ಪರದೆಯ ಮೇಲೆ ನೋಡಿದ.

"ಅಮ್ಮಾ, ನಿಮ್ಮ ಯಜಮಾನರು ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟಿದಾರೆ. ತಾವಾಗೇ ಎದ್ದು ನಡೆದಿದಾರೆ. ನೆನಪು ಬಹಳ ಚುರುಕು ಅಂತ ಬೇರೆ ಬರೆದಿದಾರೆ."

"ಮತ್ತೆ? ಅದಕ್ಕೇ ಕೊಡಬೇಕಲ್ಲಪ್ಪ!"

"ಅಯ್ಯೋ ಅಮ್ಮಾ, ಇದರಲ್ಲಿ ಪಾಸಾದೋರೇ ಫೇಲು," ಎಂದ.

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಮರುಪರಿಶೀಲನೆಗೆ ಅರ್ಜಿ ಹಾಕಬಹುದು ಎಂದು ಹೇಳಲು ಶುರುಮಾಡಿದ. ನನಗೆ ಗೊತ್ತು, ಕೈಪಿಡಿಯಲ್ಲಿದೆ, ಬೇರೆ ಪರಿಶೀಲಕರು ಬರಬೇಕು ಎಂದೂ ಇದೆ ಎಂದು ಹೇಳಿ ಬಂದೆ. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಪುಸ್ತಕವನ್ನು ಅಷ್ಟು ಚೆನ್ನಾಗಿ ಓದಿದವಳು ನಾನು. ತನ್ನ ಕೆಲಸ ತಾನೇ ಮಾಡಿಕೊಳ್ಳಲಾಗದವರಿಗೆ ಸಹಾಯ ಎಂದು ಅದರಲ್ಲೇ ಬರೆದಿದ್ದರೂ, ಇವರು ಮಾತು ತಪ್ಪುವಾಗ ಸುಮ್ಮನಿರಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಮಾರ್ಚ್ ೧೯, ಬುಧವಾರ

ಕೋಪ ಇಳಿದಿಲ್ಲ. ಬರೆಯುವುದಿಲ್ಲ.

ಮಾರ್ಚ್ ೨೧, ಶುಕ್ರವಾರ

ಬೆಳಿಗ್ಗೆ ಬಚ್ಚಲಲ್ಲಿ ಇವರ ಕಾಲು ಜಾರಿತು. ನಾನು ಹಿಂದಿನಿಂದ ತಬ್ಬಿ ಹಿಡಿದೆ. ಬೀಳಲಿಲ್ಲ, ಆದರೆ ಎತ್ತಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಇಬ್ಬರೂ ಗೋಡೆಗೊರಗಿ ಮೆಲ್ಲಗೆ ನೆಲಕ್ಕಿಳಿದೆವು. ಮಗಳು ಬರುವವರೆಗೂ ಒದ್ದೆ ನೆಲದ ಮೇಲೆ ಕೂತಿದ್ದೆವು. ಇವರು ಒಂದಿಷ್ಟೂ ಗಾಬರಿಯಾಗಲಿಲ್ಲ.

"ಎರಡನೇ ಗಂಟೆ ಹೊಡೀತೇನೇ?" ಎಂದು ಕೇಳಿದರು. ಪರದೆ ಏಳುವ ಮುಂಚೆ ಹೊಡೆಯುವ ಗಂಟೆ.

"ಇನ್ನೂ ಇಲ್ಲ ರೀ. ಹೊತ್ತಿದೆ," ಎಂದೆ.

ಮತ್ತೆ ಮತ್ತೆ ಕೇಳಿದರು. ಪ್ರತಿ ಸಲವೂ ಹೊತ್ತಿದೆ ಎಂದೆ. ಚಳಿಗೆ ಹಾಗಾಗುತ್ತದೆ.

ಮಗಳು ಬಂದು, ನಮ್ಮನ್ನು ನೋಡಿ, ಬ್ರೆಡ್ಡಿನ ಚೀಲ ಕೆಳಗೆ ಹಾಕಿ ಓಡಿಬಂದಳು. ಇವರನ್ನು ಮಲಗಿಸಿದ ಮೇಲೆ ಅಡುಗೆಮನೆಯಲ್ಲಿ ನನ್ನ ಮೇಲೆ ಹರಿಹಾಯ್ದಳು. ಮೈಗೆಲ್ಲ ಹಿಟ್ಟಿನ ವಾಸನೆ, ಕಣ್ಣು ಕೆಂಪು.

"ಆ ನರ್ಸ್ ತಪ್ಪು ಬರೀಲಿಲ್ಲ ಅಮ್ಮ. ನೀನೇ ಬರೆಸಿದ್ದು. ಅಪ್ಪನನ್ನ ಯಾರು ಏನು ಕೇಳಿದ್ರೂ ಉತ್ತರ ನಿನ್ನ ಬಾಯಿಂದ ಬರುತ್ತೆ. ಅಪ್ಪ ತಾನಾಗೇ ಒಂದು ಮಾತಾಡಿ ಎಷ್ಟು ದಿನ ಆಯ್ತು ಹೇಳು."

"ಇವತ್ತು ಬೆಳಿಗ್ಗೆ ತಾನೇ ಟೀ ಕೇಳಿದರು."

"ಕೇಳಿದ್ರಾ? ಇಲ್ಲಾ ನೀನು ಟೀ ಬೇಕಾ ಅಂದಾಗ ತಲೆ ಆಡಿಸಿದ್ರಾ?"

ನನಗೆ ಉತ್ತರ ಗೊತ್ತಿತ್ತು. ಇವರ ಟೀ ಲೋಟ ತೊಳೆಯಲು ನಿಂತೆ. ಆರೈಕೆ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿಯಾಗಲಿದೆಯಂತೆ. ಏಪ್ರಿಲ್ ಮಧ್ಯದ ಹೊತ್ತಿಗೆ ಹೌದೋ ಅಲ್ಲವೋ ಹೇಳಬೇಕಂತೆ. ಹೇಳುತ್ತೇನೆ. ಅಲ್ಲ ಎಂದು ಹೇಳುತ್ತೇನೆ.

ಮಾರ್ಚ್ ೨೪, ಸೋಮವಾರ

ಮರುಪರಿಶೀಲನೆಗೆ ಅರ್ಜಿ ಕಳಿಸಿದೆ. ಎರಡನೇ ತಾರೀಕು ಒಬ್ಬ ಡಾಕ್ಟರು ಬರುತ್ತಾರಂತೆ.

ಸ್ನಾನ ಮಾಡುವಾಗ ಉಪಾಯ ಹೊಳೆಯಿತು. ಇಷ್ಟು ಸುಲಭದ್ದು ಇಷ್ಟು ದಿನ ತಲೆಗೆ ಯಾಕೆ ಬರಲಿಲ್ಲ? ಹೋದ ಸಲ ಇವರಿಗೆ ಗಟ್ಟಿಮುಟ್ಟು ರಾಜನ ಪಾತ್ರ ಕೊಟ್ಟದ್ದು ತಪ್ಪಾಯಿತು. ಈ ಸಲ ರೋಗಿಯ ಪಾತ್ರ ಕೊಟ್ಟರಾಯಿತು. ಸೊಂಟ ಮುರಿದಿರುವುದಂತೂ ಸುಳ್ಳಲ್ಲ. ಏಳಲು ಆಗುವುದಿಲ್ಲ, ಗೊತ್ತಿಲ್ಲ, ನೆನಪಿಲ್ಲ. ಮೂರೇ ಮಾತು. ಇಷ್ಟು ಚಿಕ್ಕ ಪಾತ್ರವನ್ನು ಇವರು ಯಾವತ್ತೂ ಮಾಡಿರಲಿಕ್ಕಿಲ್ಲ. ನಾಡಿದ್ದಿಂದ ತಾಲೀಮು.

ಮಾರ್ಚ್ ೨೬, ಬುಧವಾರ

ತಾಲೀಮು ಶುರುಮಾಡಿದೆ. ನಾನೇ ಡಾಕ್ಟರಾದೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ದಪ್ಪ ದನಿ ಮಾಡಿಕೊಂಡು ಕೂತೆ. ಇವರಿಗೆ ಎಲ್ಲಿಲ್ಲದ ಹುರುಪು. ಎದ್ದು ನಿಲ್ಲಿ ಎಂದೆ. ಹಣೆಗೆ ಕೈ ಹಚ್ಚಿ, ದೊಡ್ಡ ನಿಟ್ಟುಸಿರು ಬಿಟ್ಟು, ಇಡೀ ಸೈನ್ಯ ಸೋತವರ ಹಾಗೆ ಕುರ್ಚಿಗೆ ಒರಗಿದರು. ಅಷ್ಟೊಂದು ಬೇಡ ರೀ, ಇದೇನು ರಣರಂಗವಾ, ಸ್ವಲ್ಪ ಕಮ್ಮಿ ಮಾಡಿ ಎಂದೆ. ಇಬ್ಬರೂ ನಕ್ಕೆವು. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ನಗು ಕೇಳಿಸಿತು.

"ಈಗ ನಾನು ಕೇಳಿದ್ದಕ್ಕೆಲ್ಲ ಗೊತ್ತಿಲ್ಲ ಅನ್ನಬೇಕು, ಅಷ್ಟೇ. ಇದು ಯಾವ ತಿಂಗಳು?"

ಇವರು ಸುಮ್ಮನೆ ನನ್ನನ್ನು ನೋಡಿದರು.

"ಗೊ..." ಎಂದು ಎತ್ತಿಕೊಟ್ಟೆ.

"ಗೊತ್ತಿಲ್ಲ," ಎಂದರು. ಚೆನ್ನಾಗಿ ಬಂತು, ಒಂದಿಷ್ಟೂ ಅಬ್ಬರವಿಲ್ಲದೆ. ಭೇಷ್ ಎಂದೆ. ಆಗ ಇವರು ಮುಂದಕ್ಕೆ ಬಾಗಿ, ಯಾರಿಗೂ ಕೇಳಿಸದಂತೆ ಮೆಲ್ಲಗೆ, "ನಿಜವಾಗ್ಲೂ ಯಾವ ತಿಂಗಳೇ?" ಎಂದರು.

ಮಾರ್ಚ್ ಎಂದು ಹೇಳಿದೆ. ಮಾರ್ಚ್, ಮಾರ್ಚ್ ಎಂದು ಬಾಯಿಪಾಠ ಮಾಡಿಕೊಂಡರು.

ಇವರಿಗೆ ದಣಿವಾಗಿತ್ತು. ತಾಲೀಮು ಅಲ್ಲಿಗೇ ನಿಲ್ಲಿಸಿದೆ.

ಮಾರ್ಚ್ ೨೭, ಗುರುವಾರ

ಇವತ್ತು ತಾಲೀಮು ಇಲ್ಲ. ಇವರು ಸಿದ್ಧರಿದ್ದರು. ನನಗೇ ಬೇಡವಾಯಿತು.

ಮಾರ್ಚ್ ೩೦, ಭಾನುವಾರ

ಮಗಳಿಗೆ ರಜೆ. ಅವಳು ಅಪ್ಪನ ಉಗುರು ಕತ್ತರಿಸುತ್ತಿದ್ದಳು. ನಾನು ಅವಳ ಬಳಿ ಕೂತು, ಡಾಕ್ಟರು ಬಂದಾಗ ನನ್ನ ಕುರ್ಚಿ ಎಲ್ಲಿ ಹಾಕಲಿ ಎಂದು ಕೇಳಿದೆ. ಅವಳು ಉಗುರು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದಳು. ಜಗಳಕ್ಕೆ ಬರುತ್ತಾಳೆ ಎಂದುಕೊಂಡೆ, ಬರಲಿಲ್ಲ.

"ಅಪ್ಪನ ಹಿಂದೆ ಹಾಕಮ್ಮ. ನೀನು ಅಪ್ಪನಿಗೆ ಕಾಣಬಾರದು."

"ಕೆಮ್ಮು ಬಂದರೆ?"

"ಕೆಮ್ಮಬೇಡ," ಎಂದಳು.

ಇಷ್ಟಕ್ಕೆಲ್ಲ ಇವಳ ಅಪ್ಪಣೆ ಬೇಕೇ? ನನ್ನ ಬಾಯಿಗೆ ಬೀಗ ಹಾಕಲು ನನಗೆ ಬರುತ್ತದೆ. ಪರದೆಯ ಹಿಂದೆ ಕೂತವಳು ಸೀನಿದ್ದನ್ನು ಯಾವ ಪ್ರೇಕ್ಷಕನೂ ಕೇಳಿಲ್ಲ.

ಏಪ್ರಿಲ್ ೨, ಬುಧವಾರ

ಬರೆಯಲೇಬೇಕು.

ಡಾಕ್ಟರು ವಯಸ್ಸಾದವರು. ಕುರ್ಚಿ ಎಳೆದುಕೊಂಡು ಇವರ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತರು. ನಾನು ಹಿಂದೆ, ಗೋಡೆಗೆ ಅಂಟಿಕೊಂಡು ಕೂತಿದ್ದೆ. ಮಗಳು ಪಾಳಿ ಬದಲಾಯಿಸಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏಳಲು ಹೇಳಿದಾಗ ಇವರು ಗತ್ತಿನಿಂದಲೇ ಎದ್ದರು, ಅರ್ಧಕ್ಕೆ ಕಾಲು ನಡುಗಿತು, ಡಾಕ್ಟರೇ ಹಿಡಿದು ಕೂರಿಸಿದರು. ಅದನ್ನು ನೋಡುವುದು ಕಷ್ಟವಾಗಲಿಲ್ಲ. ಕಾಲು ಕಾಲೇ ತಾನೆ.

"ಇದು ಯಾವ ತಿಂಗಳು ಹೇಳ್ತೀರಾ?"

ಇವರು ಬಲಕ್ಕೆ ತಿರುಗಿದರು. ನನ್ನ ಸ್ಟೂಲು ಯಾವಾಗಲೂ ಬಲಗಡೆಯೇ ಇರುತ್ತಿತ್ತು. ಅಲ್ಲಿ ಕಿಟಕಿಯ ಪರದೆ ಇತ್ತು. ಅದನ್ನೇ ನೋಡುತ್ತ ಕಾದರು. ಮೊದಲ ಅಕ್ಷರ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾಲಿಗೆ ಕಚ್ಚಿಕೊಂಡೆ. ರಂಗದ ಮೇಲೆ ಇಷ್ಟು ಹೊತ್ತು ಮಾತು ನಿಂತಿದ್ದರೆ ಜನ ಸಿಳ್ಳೆ ಹೊಡೆದು ಕುರ್ಚಿ ಮುರಿಯುತ್ತಿದ್ದರು. ಡಾಕ್ಟರು ಮಾತ್ರ ಅವಸರವಿಲ್ಲದೆ ಕೂತಿದ್ದರು. ಇವರು ಪರದೆಯ ಕಡೆ ಸ್ವಲ್ಪ ಬಾಗಿದರು, ಕಿವಿಗೆ ಕೈ ಹಚ್ಚಿದರು.

ಕೊನೆಗೆ ಡಾಕ್ಟರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಕ್ಷಮಿಸಬೇಕು. ನನ್ನ ಮಾತು ಇನ್ನೂ ಬಂದಿಲ್ಲ," ಎಂದರು.

ಡಾಕ್ಟರು ವಾರ ಕೇಳಿದರು, ಇವರಿಗೆ ಗೊತ್ತಾಗಲಿಲ್ಲ. ಮೂರು ಪದ ಹೇಳಿದರು, ಒಂದೂ ಉಳಿಯಲಿಲ್ಲ. ಈಗ ಎಲ್ಲಿದ್ದೀರಿ ಎಂದರು. ಗ್ರೀನ್ ರೂಮಿನಲ್ಲಿ ಎಂದರು ಇವರು. ಇದು ಯಾವುದೂ ಪಾತ್ರವಲ್ಲ. ನಾನು ಕಲಿಸಿದ ಮೂರು ಮಾತಿನಲ್ಲಿ ಒಂದನ್ನೂ ಇವರು ಆಡಲಿಲ್ಲ.

ಡಾಕ್ಟರು ಹೊರಡುವಾಗ ಬಾಗಿಲಲ್ಲಿ ನಿಂತು, "ಎಷ್ಟು ದಿನದಿಂದ ಹೀಗಿದೆ ಅಮ್ಮ?" ಎಂದು ಕೇಳಿದರು. ಬಿದ್ದ ಮೇಲಿಂದ ಎಂದೆ. ಮಗಳು ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟಳು. ಇನ್ನೂ ಮುಂಚಿನಿಂದ ಇರಬಹುದು ಎಂದೆ.

ಸಂಜೆ ಇವರು ನನ್ನ ಜೊತೆ ಮಾತು ಬಿಟ್ಟಿದ್ದರು. ಸೂಪು ಕುಡಿಸಲು ಹೋದರೆ ಮುಖ ತಿರುಗಿಸಿದರು.

"ಎಲ್ಲಿ ಹೋಗಿದ್ದೆ ನೀನು?"

"ಇಲ್ಲೇ ಇದ್ದೆ ರೀ."

"ಇದ್ದೂ ಎತ್ತಿಕೊಡಲಿಲ್ವಾ?"

"ಇಲ್ಲ ರೀ," ಎಂದೆ. ಅವರ ಎದುರಿಗೇ ಅತ್ತುಬಿಟ್ಟೆ.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಇವರಿಗೆ ನಿನ್ನೆಯದು ಯಾವುದೂ ನೆನಪಿಲ್ಲ. ನನ್ನನ್ನು ಕ್ಷಮಿಸಿದ್ದಾರೆ ಎಂದು ಬರೆದುಕೊಳ್ಳುವ ಹಾಗೂ ಇಲ್ಲ.

ಏಪ್ರಿಲ್ ೯, ಬುಧವಾರ

ಮಂಜೂರಾಯಿತು! ವಾರದಲ್ಲಿ ಆರು ದಿನ, ಬೆಳಗಿನಿಂದ ಮಧ್ಯಾಹ್ನದವರೆಗೆ ಸಹಾಯಕ ಬರುತ್ತಾನೆ. ಕಾಲಿನ ವ್ಯಾಯಾಮ ಮಾಡಿಸುವವರು ಬೇರೆ. ನೆನಪಿನ ಚಿಕಿತ್ಸೆಗೂ ಬರೆದಿದ್ದಾರೆ, ಅದೂ ವಿಮೆಯಲ್ಲೇ. ಗುಮಾಸ್ತನಿಗೆ ನಾನೇ ಫೋನ್ ಮಾಡಿ ಫೇಲಾದೆವಪ್ಪ ಎಂದು ತಿಳಿಸಿದೆ. ಅವನು ಅಭಿನಂದನೆ ಹೇಳಿದ. ಮಗಳು ಆರೈಕೆ ಕೇಂದ್ರದವರಿಗೆ ಅಪ್ಪ ಬರುವುದಿಲ್ಲ ಎಂದು ಹೇಳಿ, ಬೇಕರಿಯಿಂದ ದೊಡ್ಡ ಕೇಕು ತಂದಳು. ಒಂದು ಬದಿ ಸೀದು ಕಪ್ಪಾಗಿತ್ತು, ಅದಕ್ಕೇ ಮನೆಗೆ ಬಂದಿದ್ದು.

ಸಂಜೆ ಇವರಿಗೆ ಟೀ ಕದಡಲು ಚಮಚ ಬೇಕಾಗಿತ್ತು. ಅದು, ಅದು ಎಂದು ಗಾಳಿಯಲ್ಲಿ ಬೆರಳು ತಿರುಗಿಸುತ್ತಿದ್ದರು. ನಾನು ಚಮಚಗಳ ಡಬ್ಬಿಯ ಮುಂದೆ ನಿಂತಿದ್ದೆ. ಟೀ ಆರಿಹೋಯಿತು. ಚಮಚ ಎಂದರು. ಕೊಟ್ಟೆ.

ಏಪ್ರಿಲ್ ೧೪, ಸೋಮವಾರ

ಸಹಾಯಕ ಬಂದ. ನಡುವಯಸ್ಸಿನವನು, ಅಗಲ ಭುಜ, ತೊಡೆಯಷ್ಟು ದಪ್ಪ ತೋಳು. ಇವರನ್ನು ಹೂ ಎತ್ತಿದ ಹಾಗೆ ಎತ್ತಿ ಬಚ್ಚಲಿಗೆ ಕರೆದೊಯ್ದ. ನೀರು ಬಿದ್ದ ಸದ್ದು, ಒಳಗಿನಿಂದ ಇವರ ಹಾಡು. ನಾನು ಮಂಚದ ಮೇಲೆ ಮಲಗಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಬೆಳಗಿನ ಹೊತ್ತು ಮಲಗಿ ಎಷ್ಟು ಕಾಲವಾಗಿತ್ತೋ.

ತಲೆ ಬಾಚಿಸಿಕೊಂಡು ಇವರು ಕುರ್ಚಿಗೆ ಬಂದು ಕೂತರು. ದಿನಾ ಬೆಳಿಗ್ಗೆ ಒಂದೆರಡು ಪ್ರಶ್ನೆ ಕೇಳಬೇಕು ಎಂದು ಅವನಿಗೆ ಹೇಳಿಕಳಿಸಿದ್ದಾರಂತೆ. ನಾನು ಎದುರಿಗೇ ಇದ್ದೆ, ಟೀ ತಂದು ನಿಂತಿದ್ದೆ. ಅವನು ನನ್ನ ಕಡೆ ಕೈ ತೋರಿಸಿದ.

"ಸಾರ್, ಇವರು ಯಾರು ಹೇಳಿ ನೋಡೋಣ?"

ಇಂಥದ್ದನ್ನು ಯಾರಾದರೂ ಕೇಳುತ್ತಾರೆಯೇ? ಇವರು ನನ್ನನ್ನು ನೋಡಿದರು. ನನ್ನ ತುಟಿ ನೋಡಿದರು. ನಾನು ತುಟಿ ಬಿಗಿದು ನಿಂತೆ. ಇವರು ನನ್ನ ಕಣ್ಣು ನೋಡಿದರು, ಕೂದಲು ನೋಡಿದರು, ಮತ್ತೆ ತುಟಿಗೇ ಬಂದರು. ಹೇಳದೇ ಹೋದರೆ ಏನು ಮಾಡಲಿ ಎಂದು ನನಗೆ ಗೊತ್ತಿರಲಿಲ್ಲ. ಕಾದೆ. ಇನ್ನೂ ಕಾದೆ.

ಇವರು ಸಹಾಯಕನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ನನಗೆ ಬೇಜಾರಾಗಬಾರದು ಎಂದು ದನಿ ತಗ್ಗಿಸಿ ಹೇಳಿದರು.

"ನನ್ನ ಹೆಂಡತಿ. ಪಾಪ, ಈಚೆಗೆ ಅವಳಿಗೆ ಮಾತು ಮರೆತುಹೋಗ್ತಿದೆ."

ಹೌದು ರೀ, ಎಂದೆ.